ಕಿಟಕಿ ಬಿದ್ದ ತೊಗರಿ

"ತೊಗರಿಗೆ ಕಿಟಕಿ ಬಿದ್ದಾವ, ಬಂದು ನೋಡ್ರಿ" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ನಾನು ಪೇಪರ್ ಓದುತ್ತಿದ್ದೆ. ಅವಳಿಗೆ ಹೀಗೆ ಒಗಟು ಹಾಕಿ ಮಾತಾಡುವ ಚಟ ಇದೆ, ಹಾಗಾಗಿ ಏಳಲಿಲ್ಲ. ಎರಡು ನಿಮಿಷಕ್ಕೆ ಅವಳೇ ಬಂದು ಪೇಪರಿನ ಮೇಲೆ ಒಂದು ಹಿಡಿ ತೊಗರಿ ಸುರಿದಳು.

ಖರೇನೇ ಕಿಟಕಿ! ಒಂದೊಂದು ಕಾಳಿಗೂ ಕಂಪಾಸ್ ಇಟ್ಟು ಕೊರೆದ ಹಾಗೆ ದುಂಡನೆ ತೂತು. ಒಂದು ಕಾಳಿನಲ್ಲಿ ತೂತಿನ ಮುಚ್ಚಳ ಇನ್ನೂ ಅಂಟಿಕೊಂಡಿತ್ತು. ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದೆ, ಒಳಗಿನಿಂದ ಕಂದು ಬಣ್ಣದ ಹುಳವೊಂದು ಆ ಮುಚ್ಚಳವನ್ನು ತಲೆಯಿಂದ ನೂಕಿ ಹೊರಗೆ ಬಂತು. ಮೀಸೆ ಕುಣಿಸಿತು. ರಾಶಿಭವಿಷ್ಯದ ಅಂಕಣದ ಮೇಲೆ ನಿಧಾನಕ್ಕೆ ನಡೆದು, ಸರಿಯಾಗಿ ನನ್ನ ರಾಶಿಯ ಮೇಲೆ ನಿಂತಿತು.

ಅಲ್ಲಿ "ಧಾನ್ಯ ಲಾಭ" ಎಂದು ಬರೆದಿತ್ತು.

ನಮ್ಮ ಕಲಬುರಗಿಗೆ ತೊಗರಿಯ ಕಣಜ ಎಂದು ಹೆಸರು. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಮಾಲು ಎಂಬ ಸರಕಾರಿ ಗುರುತು, ಬೇರೆ ಸಿಕ್ಕಿತು. ಆ ಸುದ್ದಿ ಹುಳಗಳಿಗೂ ಮುಟ್ಟಿರಬೇಕು. ಜನವರಿಯಲ್ಲಿ ರಾಶಿ ಮುಗಿದ ಮೇಲೆ ಚಿತ್ತಾಪುರದ ಕಡೆ ಇರುವ ನಮ್ಮ ಹೊಲದಿಂದ ಕಾಕಾ ಐವತ್ತು ಕೆಜಿ ತೊಗರಿ ಕಳಿಸಿದ್ದರು. "ಗಿರಣಿಗೆ ಹಾಕಿ ಬ್ಯಾಳಿ ಮಾಡಿಸ್ಕೊಂಡ್ ಬಾ. ಔಡಲೆಣ್ಣಿ ಸವರಿ ಇಟ್ಟೀವಂದ್ರ ವರ್ಷ ಇರ್ತದ" ಎಂದು ಅವ್ವ ಅವತ್ತೇ ಹೇಳಿದ್ದಳು. ನಾನು ಕೇಳಲಿಲ್ಲ. ಇಡೀ ಕಾಳಿಗೆ ಸಿಪ್ಪೆ ಇರುತ್ತದೆ, ಸಿಪ್ಪೆ ಅಂದರೆ ಕವಚ, ಕವಚ ಇದ್ದದ್ದು ಜಾಸ್ತಿ ದಿನ ಬಾಳುತ್ತದೆ ಎಂಬುದು ನನ್ನ ವಾದ. ಆಮೇಲೆ ಗೊತ್ತಾಯಿತು, ಈ ಹುಳ ಮೊಟ್ಟೆ ಅಂಟಿಸುವುದೇ ಆ ಸಿಪ್ಪೆಯ ಮೇಲೆ. ಅದಕ್ಕೆ ದುಂಡಗಿನ ಇಡೀ ಕಾಳು ಅಂದರೆ ಪ್ರಾಣ. ಒಡೆದ ಬೇಳೆ ಅಷ್ಟಾಗಿ ಹಿಡಿಸುವುದಿಲ್ಲ. ಎಣ್ಣೆ ಸವರಿದ ಮೇಲಂತೂ ಮೊಟ್ಟೆಗೆ ಉಸಿರೇ ಸಿಗುವುದಿಲ್ಲ.

ಮೊದಲು ನಾನು ಪಕ್ಕದ ಮನೆಯವರನ್ನು ಅನುಮಾನಿಸಿದೆ. ಅವರ ಮನೆಯ ಕಡಲೆಯಲ್ಲಿ ಹುಳ ಇತ್ತು, ಗೋಡೆ ಹಾರಿ ಬಂದಿರಬೇಕು ಅಂತ. ಒಂದು ವಾರ ಅವರಿಗೆ ಸರಿಯಾಗಿ ನಮಸ್ಕಾರವನ್ನೂ ಮಾಡಲಿಲ್ಲ. ಫೋನಿನಲ್ಲಿ ಕಾಕಾ ನಕ್ಕುಬಿಟ್ಟರು. "ಅದು ಹೊಲದಾಗೇ ಕಾಯಿ ಮ್ಯಾಲ ತತ್ತಿ ಇಟ್ಟಿರ್ತದ. ನೀನೇ ಗಾಡಿ ಬಾಡಗಿ ಕೊಟ್ಟು ಕರ್ಕೊಂಡ್ ಹೋಗಿದ್ದಿ." ಮರುದಿನ ಬೆಳಿಗ್ಗೆ ಪಕ್ಕದ ಮನೆಯವರಿಗೆ ಎರಡು ಸಲ ನಮಸ್ಕಾರ ಹೇಳಿದೆ. ಅವರು ಗಾಬರಿಯಾಗಿ ಏನಾದ್ರೂ ರೊಕ್ಕ ಬೇಕಿತ್ತಾ ಎಂದು ಕೇಳಿದರು.

ಇನ್ನು ಡ್ರಮ್ಮಿನ ಕಥೆ. ಗಾಳಿಯಾಡದ ಡ್ರಮ್ಮಿನಲ್ಲಿ ಹಾಕಿಟ್ಟರೆ ಹುಳ ಒಳಗಿನ ಆಮ್ಲಜನಕ ಉಸಿರಾಡಿ ಮುಗಿಸಿ ತಾನೇ ಸಾಯುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದ್ದೆ. ಸುಳ್ಳಲ್ಲ, ಪಕ್ಕಾ ಮಾತು. ರಬ್ಬರ್ ವಾಷರ್ ಇರುವ ನೀಲಿ ಡ್ರಮ್ಮು ತಂದೆ. ಆದರೆ ಐವತ್ತು ಕೆಜಿಗೆ ನೂರ ಇಪ್ಪತ್ತು ಲೀಟರಿನ ಡ್ರಮ್ಮು, ಅರ್ಧಕ್ಕರ್ಧ ಖಾಲಿ, ಅಂದರೆ ಅರ್ಧಕ್ಕರ್ಧ ಗಾಳಿ. ಅದೂ ಹೋಗಲಿ. ಹುಳ ಸತ್ತವೋ ಇಲ್ಲವೋ ಎಂದು ನಾನು ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೋಡುತ್ತಿದ್ದೆ. ಒಮ್ಮೊಮ್ಮೆ ಆಫೀಸಿನಿಂದ ಬಂದ ಮೇಲೂ ನೋಡುತ್ತಿದ್ದೆ. ಹೀಗೆ ಹೊತ್ತುಹೊತ್ತಿಗೆ ತಾಜಾ ಗಾಳಿ ಕೊಟ್ಟು ಅವುಗಳನ್ನು ಸಾಕಿದೆ.

ಇದನ್ನೆಲ್ಲ ಬಾಗಿಲಲ್ಲಿ ಕೂತು ನೋಡುತ್ತಿದ್ದ ಅವ್ವ ಹಗೇವಿನ ವಿಷಯ ತೆಗೆದಳು. ಅವಳ ತವರಿನಲ್ಲಿ ಮನೆ ಮುಂದೆಯೇ ನೆಲದಡಿ ಹಗೇವು ಇತ್ತಂತೆ. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಬೇಕೆನ್ನುವ ತನಕ ಯಾರೂ ಮುಟ್ಟುತ್ತಿರಲಿಲ್ಲ. ತೆಗೆದ ದಿನವೂ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. "ಮೊದಲ ಕಂದೀಲು ಇಳಸ್ತಿದ್ರು. ಕಂದೀಲು ಆರಿತಂದ್ರ ಒಳಗ ಗಾಳಿ ಇಲ್ಲಂತ ಅರ್ಥ. ಮನಷ್ಯಾ ಇಳದ್ರ ಅಲ್ಲೇ ಸಾಯ್ತಿದ್ದ, ಇನ್ನ ನುಸಿ ಉಳೀತಿತ್ತೇನು? ನೀ ನೋಡಿದ್ರ ದಿನಾ ಮುಚ್ಚಳ ತೆಗದು ಆರಾಮಿದ್ದೀರೇನು ಅಂತ ಕೇಳ್ಲತ್ತಿ."

ತೊಗರಿ ಹಾಗಾಯಿತು, ಜೋಳ ಹೀಗಾಗಬಾರದು ಎಂದು ಮಾರ್ಚಿನಲ್ಲಿ ಎರಡು ಚೀಲ ಬಿಳಿ ಜೋಳ ಬರುವ ಹೊತ್ತಿಗೆ ತಯಾರಾಗಿದ್ದೆ. ತಯಾರಿ ಅಂದರೆ, ಹೊಸ ಚೀಲಕ್ಕೆ ಯಾಕೆ ಸುಮ್ನೆ ಖರ್ಚು ಎಂದು ಮಾಳಿಗೆಯ ಮೇಲಿದ್ದ ಹೋದ ವರ್ಷದ ಗೋಣಿ ಚೀಲಗಳನ್ನು ಝಾಡಿಸಿ ಊರಿಗೆ ಕಳಿಸಿಕೊಟ್ಟಿದ್ದೆ. ಆ ಚೀಲಗಳ ಹೊಲಿಗೆ ಸಂದಿಯಲ್ಲಿ ಹೋದ ವರ್ಷದ ನುಸಿಗಳು ವಾಸವಿದ್ದವು. ಅವು ಊರಿಗೆ ಹೋಗಿ, ಹೊಸ ಜೋಳದ ಜೊತೆ ಸುಖವಾಗಿ ವಾಪಸ್ ಬಂದವು.

ಈ ನುಸಿಯ ಕೆಲಸದಲ್ಲಿ ಭಾಳ ನಾಜೂಕು. ಸೊಂಡಿಲಿನಂಥ ಮೂತಿಯಿಂದ ಕಾಳಿಗೆ ತೂತು ಕೊರೆದು, ಒಳಗೆ ಒಂದು ಮೊಟ್ಟೆ ಇಟ್ಟು, ಅಂಟಿನಿಂದ ತೂತು ಮುಚ್ಚಿಬಿಡುತ್ತದೆ. ಹೊರಗಿನಿಂದ ಕಾಳು ಮುತ್ತಿನಂತೆ ಇರುತ್ತದೆ. ಮರಿ ಒಳಗೇ ತಿಂದು ಒಳಗೇ ಬೆಳೆಯುತ್ತದೆ, ತಿಂಗಳು ಕಳೆದ ಮೇಲೆ ನಮಗೆ ಗೊತ್ತಾಗುತ್ತದೆ. ನಮಗೆ ಗೊತ್ತಾದದ್ದು ಗಿರಣಿಯಲ್ಲಿ. ಗಿರಣಿಯವನು ಡಬ್ಬಿಯೊಳಗೆ ಕೈಹಾಕಿ, ಅಂಗೈಯಲ್ಲಿ ಓಡಾಡುವುದನ್ನು ನೋಡಿ, ಸರದಿಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ "ಸಾಹೇಬ್ರ, ಬೀಸೂದು ಜ್ವಾಳನೋ ನುಸಿನೋ?" ಎಂದ.

ಎದುರು ಮನೆಯ ಹಿರಿಯರು ಸುಲಭದ ದಾರಿ ಹೇಳಿದರು. "ಚೀಲದಾಗ ಒಂದೊಂದು ಗುಳಿಗಿ ಇಡ್ರಿ, ಮುಗೀತು." ಹೆಂಡತಿ ಅವರಿಗೆ ಚಹಾ ಕೊಟ್ಟು ಕಳಿಸಿದ ಮೇಲೆ ನನ್ನ ಕಡೆ ತಿರುಗಿದಳು. ಆ ಗುಳಿಗೆ ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷದ ಗಾಳಿ ಬಿಡುತ್ತದೆ. ಗೋದಾಮಿನಲ್ಲಿ ತರಬೇತಿ ಆದವರು ತಾಡಪತ್ರಿ ಮುಚ್ಚಿ ಬಳಸುವ ವಸ್ತು ಅದು. ನಮ್ಮ ಜೋಳದ ಚೀಲ ಇರುವುದು ಅವ್ವನ ಮಂಚದ ಪಕ್ಕ. ಈ ಒಂದು ವಿಷಯದಲ್ಲಿ ನಾನು ಬುದ್ಧಿವಂತಿಕೆ ತೋರಿಸಲಿಲ್ಲ, ಅದೇ ಪುಣ್ಯ.

ಅಷ್ಟರಲ್ಲಿ ಇಲಿ ಬಂತು. ಹೇಗೆ ಬಂತು ಎಂದು ಕೇಳಬೇಡಿ. ಸರಿ, ಹೇಳಿಬಿಡುತ್ತೇನೆ. ಇಂಟರ್ನೆಟ್ ವೈರಿಗಾಗಿ ಅಡುಗೆಮನೆ ಗೋಡೆಗೆ ನಾನೇ ತೂತು ಹಾಕಿಸಿದ್ದೆ. ವೈರು ಪೆನ್ಸಿಲ್ಲಿಗಿಂತ ಸಣ್ಣ. ಮುಂದೆ ಬೇಕಾಗಬಹುದು ಎಂದು ಹೇಳಿ ತೂತು ಮಾತ್ರ ಹೆಬ್ಬೆರಳಿಗಿಂತ ದಪ್ಪ ಹಾಕಿಸಿದ್ದೆ. ಇಲಿಗೆ ಅದು ಹೆಬ್ಬಾಗಿಲು. ನೀಲಿ ಡ್ರಮ್ಮಿನ ಬುಡ ಒಂದೇ ರಾತ್ರಿಗೆ ಕೆತ್ತಿತು. ಅದರ ಹಲ್ಲು ಬೆಳೆಯುತ್ತಲೇ ಇರುತ್ತದಂತೆ, ಏನಾದರೂ ಕಡಿಯುತ್ತಿರಲೇಬೇಕು. ಸಾವಿರಾರು ರೂಪಾಯಿಯ ನನ್ನ ಡ್ರಮ್ಮು ಅದಕ್ಕೆ ಬೇವಿನ ಕಡ್ಡಿಯಾಯಿತು.

ಬೋನು ತಂದು ಶೇಂಗಾ ಸಿಕ್ಕಿಸಿ ನಡುಮನೆಯಲ್ಲಿ ಇಟ್ಟೆ. ಮೂರು ದಿನ ಇಲಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಇಲಿ ಗೋಡೆ ಸವರಿಕೊಂಡೇ ಓಡಾಡುವ ಪ್ರಾಣಿ. ಹೊಸ ಸಾಮಾನು ಕಂಡರೆ ಅದಕ್ಕೆ ನಾಲ್ಕು ದಿನ ಅನುಮಾನ. ಬೋನನ್ನು ಗೋಡೆಗೆ ತಾಗಿಸಿ, ಬಾಗಿಲು ಬೀಳದ ಹಾಗೆ ಕಟ್ಟಿ, ಸುಮ್ನೆ ತಿನ್ನಲು ಬಿಟ್ಟು ರೂಢಿ ಮಾಡಿಸಬೇಕಂತೆ. ಹಾಗೇ ಮಾಡಿದೆ. ಇಲಿ ಭಾಳ ಖುಷಿಯಿಂದ ಬಂದು ದಿನಾ ಶೇಂಗಾ ತಿಂದು ಹೋಯಿತು. ಐದನೇ ರಾತ್ರಿ ಬಾಗಿಲಿನ ಕಟ್ಟು ಬಿಚ್ಚಿದೆ. ಬೆಳಿಗ್ಗೆ ಬೋನಿನಲ್ಲಿ ಇದ್ದದ್ದು ಸುಂಡಿಲಿ.

"ಅಯ್ಯ, ಅದು ಹುಳಾ ತಿಂತದಲೋ!" ಅಂದಳು ಅವ್ವ. ಇಡೀ ಮನೆಯಲ್ಲಿ ನನ್ನ ಪರವಾಗಿ ಕೆಲಸ ಮಾಡುತ್ತಿದ್ದ ಒಂದೇ ಒಂದು ಜೀವವನ್ನು ನಾನು ಹಿಡಿದಿದ್ದೆ. ಇಷ್ಟಾದರೂ ಅದನ್ನು ಮನೆಯಲ್ಲಿ ವಾಪಸ್ ಬಿಡಲು ಧೈರ್ಯ ಬರಲಿಲ್ಲ. ಬೋನನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಕಲಬುರಗಿಯ ಅಪ್ಪನ ಕೆರೆಯ ಕಡೆ ಹೊರಟೆ. ಸುಂಡಿಲಿ ಸಿಟ್ಟು ಬಂದರೆ ಬಿಡುವ ವಾಸನೆಯ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಸಿಗ್ನಲ್ಲಿನಲ್ಲಿ ನನ್ನ ಎಡಕ್ಕೂ ಬಲಕ್ಕೂ ಒಂದೊಂದು ಗಾಡಿಯ ಜಾಗ ಖಾಲಿಯಾಯಿತು. ಸ್ಕೂಟರಿನಲ್ಲಿ ಆ ವಾಸನೆ ಎಂಟು ದಿನ ಇತ್ತು. ಇಲಿ ಏನಾಯಿತೋ ಗೊತ್ತಿಲ್ಲ. ವೈರಿನ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ತುರುಕಿ ಸಿಮೆಂಟು ಮೆತ್ತಿದ ಮೇಲೆ ಕಾಣಿಸಲಿಲ್ಲ. ಹೊರಗೆ ಉಳಿಯಿತೋ ಒಳಗೆ ಉಳಿಯಿತೋ, ಆ ಪ್ರಶ್ನೆ ಮನೆಯಲ್ಲಿ ಇನ್ನೂ ಚರ್ಚೆಯಲ್ಲಿದೆ.

ಇಷ್ಟು ಆದ ಮೇಲೆ ಅವ್ವ ಅಧಿಕಾರ ತನ್ನ ಕೈಗೆ ತೆಗೆದುಕೊಂಡಳು. ಉಳಿದ ತೊಗರಿ ಹಸನು ಮಾಡಿ ಗಿರಣಿಗೆ ಹೋಯಿತು. ಬೇಳೆಗೆ ಔಡಲೆಣ್ಣೆ ಬಿತ್ತು. ಎರಡೆರಡು ಕೆಜಿ ಕಟ್ಟಿ ಸರದಿಯ ಮೇಲೆ ಒಂದೊಂದು ವಾರ ಫ್ರೀಜರಿನಲ್ಲಿ ಇಡುವ ಕೆಲಸ ಹೆಂಡತಿ ಹಚ್ಚಿಕೊಂಡಳು. ಐಸ್‌ಕ್ರೀಮ್ ಹುಡುಕಲು ಹೋದ ಮಗಳು ಬೇಳೆ ಕಂಡು ಅತ್ತಳು. ಜೋಳದ ಪಾಲಿಗೆ ಮಾಳಿಗೆ, ನನ್ನ ಪಾಲಿಗೆ ಕಾವಲು.

ಏಪ್ರಿಲ್ ತಿಂಗಳು, ನಲವತ್ತೆರಡು ಡಿಗ್ರಿ. ಮಾಳಿಗೆಯ ಮೇಲೆ ಅವ್ವನ ಹಳೇ ಸೀರೆಗಳನ್ನು ಹಾಸಿ, ಎರಡು ಚೀಲ ಜೋಳವನ್ನು ತೆಳ್ಳಗೆ ಹರವಿದೆವು. ಪಾರಿವಾಳ ಓಡಿಸಲು ನಾನು ನಡುವೆ ಕೂತೆ. ಬರಿಗಾಲು ಇಡುವಂತಿಲ್ಲ, ತಲೆ ಸಿಡಿಯುತ್ತಿತ್ತು. ದೊಡ್ಡದೊಂದು ಕರಿ ಛತ್ರಿ ಬಿಚ್ಚಿಕೊಂಡೆ. ಹತ್ತು ನಿಮಿಷ ಆಗಿರಬಹುದು, ಪಾದದ ಹತ್ತಿರ ಏನೋ ಹರಿದ ಹಾಗಾಯಿತು. ನೋಡಿದರೆ ನಾಲ್ಕೂ ದಿಕ್ಕಿನಿಂದ ನುಸಿಗಳು ಸಾಲುಸಾಲಾಗಿ, ಜಾತ್ರೆಗೆ ಹೊರಟವರ ಹಾಗೆ, ನನ್ನ ಕಡೆಗೇ ಬರುತ್ತಿದ್ದವು. ಇಡೀ ಮಾಳಿಗೆಯಲ್ಲಿ ನೆರಳು ಇದ್ದದ್ದು ನನ್ನ ಛತ್ರಿಯ ಕೆಳಗೆ ಮಾತ್ರ. ಮುಂದಿನ ಸಾಲು ಆಗಲೇ ನನ್ನ ಪಾಯಜಾಮ ಹತ್ತುತ್ತಿತ್ತು.

ನೀರಿನ ತಂಬಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದ ಅವ್ವ ಇದನ್ನು ನೋಡಿ ಒಂದು ಗಳಿಗೆ ಸುಮ್ಮನೆ ನಿಂತಳು. ನಂತರ ತಂಬಿಗೆ ಕೆಳಗಿಟ್ಟು ಹೇಳಿದಳು:

"ಛತ್ರಿ ಮುಚ್ಚು."