ಮೋಟಾರ್ ಮುಚ್ಚಿಟ್ಟ ಭಾರ

ಕಳೆದ ಮಳೆಗಾಲದ ಮಾತು. ಚಿಕ್ಕಮಗಳೂರಿನ ಜುಲೈ ಮಳೆ ಗೊತ್ತಲ್ಲ. ಸಂಜೆ ಕಾರನ್ನು ಶೆಡ್ಡಿಗೆ ಹಾಕಿ ರಿಮೋಟ್ ಒತ್ತಿದೆ. ಶಟರ್ ಅರ್ಧ ಇಳಿಯುವಷ್ಟರಲ್ಲಿ ಕರೆಂಟ್ ಹೋಯಿತು. ಎರಚಲು ಒಳಗೆ ಬರುತ್ತಿತ್ತು. ಕರೆಂಟ್ ಇಲ್ಲದಾಗ ಮೋಟಾರಿನ ಬ್ರೇಕ್ ಬಿಡಿಸಲು ಒಂದು ತಂತಿ ನೇತಾಡುತ್ತಿರುತ್ತದೆ, ಅದನ್ನು ಜಗ್ಗಿದೆ. ಇಡೀ ಶಟರ್ ಧಡಾರಂತ ನೆಲಕ್ಕೆ ಬಿತ್ತು. ನನ್ನ ಕಾಲು ಒಂದು ಗೇಣು ಈಚೆಗಿತ್ತು, ಅಷ್ಟೇ.

ಮರುದಿನ ರಿಪೇರಿಗೆ ಬಂದವರು ನೋಡಿ, "ಸ್ಪ್ರಿಂಗ್ ಸೋತು ತುಂಬಾ ದಿನ ಆಗಿದೆ ಸಾರ್. ಭಾರ ಎಲ್ಲಾ ಮೋಟಾರೇ ಹೊತ್ತಿದೆ" ಎಂದರು.

ನಮ್ಮದು ಹಳೇ ಸ್ಪ್ರಿಂಗ್ ಶಟರ್. ಅದಕ್ಕೇ ಆಮೇಲೆ ಮೋಟಾರ್ ಕೂರಿಸಿದ್ದು. ಆ ತಗಡು ಒಂದು ಕಾಫಿ ಮೂಟೆಗಿಂತ ಜಾಸ್ತಿ ತೂಗುತ್ತದೆ. ಮೇಲೆ ಪೈಪಿನ ಸುತ್ತ ಬಿಗಿದ ಸ್ಪ್ರಿಂಗ್ ಆ ತೂಕವನ್ನು ಹಿಡಿದಿರುವುದರಿಂದಲೇ ನಮಗೆ ಹಗುರ ಅನಿಸುವುದು. ಮೊದಲು ಕೈಯಲ್ಲಿ ಎಳೆಯುತ್ತಿದ್ದಾಗ ಸ್ಪ್ರಿಂಗ್ ಸೋತರೆ ಸೊಂಟಕ್ಕೇ ಗೊತ್ತಾಗುತ್ತಿತ್ತು. ಎಂ.ಜಿ. ರಸ್ತೆಯ ಅಂಗಡಿಯವರನ್ನು ಕೇಳಿ, ದಿನಾ ಬೆಳಿಗ್ಗೆ ಎತ್ತುವವರಿಗೆ ಅದರ ನಾಡಿ ಗೊತ್ತು. ರಿಮೋಟ್ ಬಂದ ಮೇಲೆ ನಮಗೆ ಆ ಸುಳಿವೇ ಇಲ್ಲ.

ಈಗ ಎರಡು ತಿಂಗಳಿಗೊಮ್ಮೆ ಹೀಗೆ ನೋಡುತ್ತೇನೆ. ಶಟರ್ ಪೂರ್ತಿ ಕೆಳಗಿರುವಾಗ ಮಾತ್ರ ಬ್ರೇಕ್ ಬಿಡಿಸಿ, ಕೈಯಲ್ಲಿ ಸೊಂಟದ ಮಟ್ಟಕ್ಕೆ ಎತ್ತುವುದು. ಎತ್ತಲು ಕಷ್ಟವಾದರೆ, ಅಥವಾ ಅಲ್ಲಿ ನಿಲ್ಲದೆ ಜಾರಿದರೆ, ಕೆಲಸದವರನ್ನು ಕರೆಯುವುದು. ಸ್ಪ್ರಿಂಗ್ ಮಾತ್ರ ನಾವು ಮುಟ್ಟಬಾರದು. ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡರೆ ಕೈ ಮೂಳೆ ಉಳಿಯುವುದಿಲ್ಲ.

ಎಣ್ಣೆ ಹಾಕಿದರೆ ಸರಿಹೋಗುತ್ತೆ ಅನ್ನುವ ಪೈಕಿ ನಾನೂ ಇದ್ದೆ. ಶಟರ್ ಜಾರುವ ಪಕ್ಕದ ಚಾನೆಲ್‌ಗೆ ಗ್ರೀಸ್ ಮೆತ್ತಿ ಮೆತ್ತಿ, ಅದಕ್ಕೆ ಧೂಳು ಅಂಟಿ, ಕೊನೆಗೆ ಕಪ್ಪು ಹಲ್ವಾ ಆಗಿತ್ತು. ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು. ನಮ್ಮ ಮಲೆನಾಡಿನ ತೇವಕ್ಕೆ ಮೊದಲು ತುಕ್ಕು ಹಿಡಿಯುವುದು ನೆಲಕ್ಕೆ ತಾಗುವ ಪಟ್ಟಿ. ಮಳೆಗಾಲಕ್ಕೆ ಮುಂಚೆ ಅಲ್ಲಿಗೊಂದು ಕೈ ಪೇಂಟ್.

ಇನ್ನು ಸೆನ್ಸರ್ ವಿಷಯ. ಅಡ್ಡ ಏನಾದರೂ ಬಂದರೆ ಬಾಗಿಲು ನಿಂತು ವಾಪಸ್ ಹೋಗುವಂತೆ ಮಾಡುವ ಕಣ್ಣು ಅದು, ನೆಲದಿಂದ 6 ಇಂಚಿನೊಳಗೆ ಕೂರಿಸುತ್ತಾರೆ. ಅಮೆರಿಕದಲ್ಲಿ ಮನೆ ಗ್ಯಾರೇಜಿನ ಮೋಟಾರುಗಳಿಗೆ 1993ರಿಂದ ಇಂಥದ್ದೊಂದು ವ್ಯವಸ್ಥೆ ಕಡ್ಡಾಯ. ಇಲ್ಲಿ ಕೊಟೇಶನ್‌ನಲ್ಲಿ ಮೊದಲು ಹೊಡೆದು ಹಾಕುವ ಸಾಲೇ ಅದು. ನಾನೂ ಹೊಡೆದು ಹಾಕಿದ್ದೆ. ಬಣ್ಣಕ್ಕೆ ಮಾತ್ರ ಮೂರು ದಿನ ಚರ್ಚೆ! ಮಗ ಇಳಿಯುವ ಶಟರಿನ ಕೆಳಗೆ ತೂರಿ ಚೆಂಡು ತಂದದ್ದನ್ನು ನೋಡಿದ ಮೇಲೆ ಹಾಕಿಸಿದೆ. ರಿಮೋಟ್ ಈಗ ಮೊಳೆಗೆ, ಅವನ ಕೈಗೆ ಎಟುಕದ ಎತ್ತರದಲ್ಲಿ.

ಸ್ಪ್ರಿಂಗ್ ಬದಲಾಯಿಸಿದ ದಿನ ಅಮ್ಮನೇ ಬಂದು ಒಂದು ಕೈಯಲ್ಲಿ ಶಟರ್ ಎತ್ತಿ ನೋಡಿದರು. "ಇಷ್ಟು ಹಗುರ ಇದ್ರೆ ಮೋಟಾರ್ ಯಾಕೋ ಹಾಕಿಸ್ದೆ?" ಅಂದರು. ನಾನು ಸುಮ್ನೆ ಕಾಫಿ ಕುಡಿಯಲು ಒಳಗೆ ಹೋದೆ.