ಜಿನೋ ಮೇಡರ್ ಸತ್ತದ್ದು ಟೂರ್ ಡಿ ಫ್ರಾನ್ಸ್‌ನಲ್ಲಲ್ಲ

ಸ್ವಿಸ್ ಸೈಕಲ್ ಪಟು ಜಿನೋ ಮೇಡರ್ ಟೂರ್ ಡಿ ಫ್ರಾನ್ಸ್‌ನಲ್ಲಿ ಸತ್ತರು, ಒಂದೂ ರೇಸ್ ಗೆಲ್ಲಲಿಲ್ಲ ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಎರಡೂ ತಪ್ಪು. ಅವರು ಬಿದ್ದದ್ದು ತವರಿನ ಟೂರ್ ಡಿ ಸ್ವಿಸ್‌ನಲ್ಲಿ. 2023ರ ಜೂನ್ 15ರಂದು ಆಲ್ಬುಲಾ ಘಾಟಿ ಇಳಿಯುವಾಗ ಕಮರಿಗೆ ಉರುಳಿದರು, ಮರುದಿನ ತೀರಿಕೊಂಡರು. ಆಗ ಅವರಿಗೆ ಬರೀ 26.

ಗೆಲುವಿನ ವಿಷಯಕ್ಕೆ ಬಂದರೆ, 2021ರಲ್ಲಿ ಫ್ರಾನ್ಸ್‌ನ ಪ್ಯಾರಿಸ್-ನೀಸ್ ರೇಸ್‌ನ ಒಂದು ಹಂತದಲ್ಲಿ ಕೊನೆಯ ಗೆರೆ ಇನ್ನೇನು ಮುಟ್ಟಬೇಕು ಅನ್ನುವಾಗ ಸ್ಲೊವೇನಿಯಾದ ಸವಾರ ರೋಗ್ಲಿಚ್ ಮೇಡರ್ ಅವರನ್ನು ಹಿಂದಿಕ್ಕಿದ್ದು ನಿಜ. ನೋಡಿದವರಿಗೇ ಹೊಟ್ಟೆ ಉರಿದಿತ್ತು! ಆದರೆ ಅದೇ ವರ್ಷ ಇಟಲಿಯ ದೊಡ್ಡ ರೇಸ್ ಜಿರೋ ಡಿ ಇಟಾಲಿಯಾದ 6ನೇ ಹಂತ ಗೆದ್ದರು, ಸ್ಪೇನ್‌ನ ದೊಡ್ಡ ರೇಸ್ ವುಯೆಲ್ಟಾದಲ್ಲಿ 5ನೇ ಸ್ಥಾನ ಪಡೆದರು. ಆ ವುಯೆಲ್ಟಾದಲ್ಲಿ ದಿನವೂ ತಮ್ಮ ಹಿಂದೆ ಉಳಿದ ಒಬ್ಬೊಬ್ಬ ಸವಾರನಿಗೂ 1 ಯೂರೋ ಲೆಕ್ಕದಲ್ಲಿ ಪರಿಸರಕ್ಕೆ ದಾನ ಕೊಟ್ಟರು. ಫಾರ್ವರ್ಡ್‌ನಲ್ಲಿ ಇದರ ಸುದ್ದಿಯೇ ಇಲ್ಲ.