ಬರ್ಗರ್ ಬಂತು, ದಾರಿ ಬಿಡಿ

ರಾಯಚೂರಿಗೆ ಬರ್ಗರ್ ಬಂದಿದೆ. ಕಂಪನಿಯ ಹೆಸರು ಬೇಡ, ಹೇಳದಿದ್ದರೂ ನಿಮಗೆ ಗೊತ್ತು. ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗ ಬೇರೆ ಸುದ್ದಿಯೇ ಇಲ್ಲ. ರಿಬ್ಬನ್ ಕತ್ತರಿಸಿದವರು ಯಾರು, ಫೋಟೊದಲ್ಲಿ ಮೊಣಕೈಯಿಂದ ತಿವಿದು ಮುಂದೆ ಬಂದವರು ಯಾರು, ಆಮಂತ್ರಣ ಬಾರದೆ ಮುನಿಸಿಕೊಂಡವರು ಯಾರು, ಎಲ್ಲವೂ ಬಹಿರಂಗ. ರಾಯಚೂರು ಇನ್ನು ಬೆಂಗಳೂರಿಗಿಂತ ಕಡಿಮೆಯಿಲ್ಲ ಎಂದು ಮೈಕಿನಲ್ಲಿ ಘೋಷಣೆಯೂ ಆಯಿತು. ಇಷ್ಟು ದಿನ ನಾವು ರಸ್ತೆ, ಚರಂಡಿ, ವೈದ್ಯರು ಎಂದು ಸುಮ್ಮನೆ ಗೋಗರೆಯುತ್ತಿದ್ದೆವು. ಕೊರತೆ ಇದ್ದದ್ದು ಬನ್ನಿನದು.

ನೀತಿ ಆಯೋಗ 2018ರಲ್ಲಿ ದೇಶದ ಹಿಂದುಳಿದ ಜಿಲ್ಲೆಗಳನ್ನು ಹುಡುಕಿ, ಯಾರಿಗೂ ಬೇಸರವಾಗಬಾರದೆಂದು ಅವುಗಳಿಗೆ 'ಮಹತ್ವಾಕಾಂಕ್ಷಿ ಜಿಲ್ಲೆ' ಎಂದು ನಾಮಕರಣ ಮಾಡಿತು. ಕರ್ನಾಟಕದಿಂದ ಎರಡೇ: ನಾವು ಮತ್ತು ಯಾದಗಿರಿ. ನಮ್ಮ ಆಕಾಂಕ್ಷೆ ಯಾವುದೆಂದು ಆಯೋಗಕ್ಕೆ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಕಂಪನಿಗೆ ಹೊಳೆಯಿತು. ಬಂದು, 'ಚೀಸ್ ಹಾಕಿಸಲೇ, ಬೇಡವೇ' ಎಂದು ಕೇಳಿತು.

ನಾನೂ ಹೋದೆ. ಊರಿಗೆ ಊರೇ ಹೊರಟಾಗ ಮನೆಯಲ್ಲಿ ಕೂತರೆ ಅಭಿವೃದ್ಧಿ ವಿರೋಧಿ ಎಂಬ ಪಟ್ಟ ಗ್ಯಾರಂಟಿ. ಬಾಗಿಲು ತಳ್ಳಿದ ಕೂಡಲೇ ಮುಖಕ್ಕೆ ಬಡಿದದ್ದು ಚಳಿ. ಮೇ ತಿಂಗಳ ರಾಯಚೂರಿನಲ್ಲಿ ಚಳಿ! ಬಂದವರಲ್ಲಿ ಅರ್ಧ ಜನ ಅದಕ್ಕೇ ಬಂದಿದ್ದಾರೆಂಬುದು ನನ್ನ ಗುಮಾನಿ. ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಅದರ ಕರೆಂಟು ನಾಡಿನ ಪಾಲಿಗೆ, ಹಾರುಬೂದಿ ನಮ್ಮ ಪಾಲಿಗೆ. ಹೀಗಿರುವಾಗ ಒಂದು ಗಂಟೆ ತಂಪಾಗಿ ಕೂರಲು 150 ರೂಪಾಯಿ ದುಬಾರಿಯೇನಲ್ಲ. ಬರ್ಗರನ್ನು ಉಚಿತವೆಂದೇ ತಿಳಿಯಿರಿ.

ಆರ್ಡರ್ ತೆಗೆದುಕೊಳ್ಳಲು ಆಳೆತ್ತರದ ಪರದೆಯೊಂದನ್ನು ನಿಲ್ಲಿಸಿದ್ದಾರೆ. ಏನು ತಿನ್ನುತ್ತೀರಿ ಎಂದು ಕೇಳುವ ಮೊದಲೇ ಅದು ಮೊಬೈಲ್ ನಂಬರ್ ಕೇಳುತ್ತದೆ. ಒಂದು ಬರ್ಗರಿನ ಪಕ್ಕದಲ್ಲಿ ಮೂರು ಕೆಂಪು ಮೆಣಸಿನಕಾಯಿಯ ಚಿತ್ರವಿತ್ತು: ಅತಿ ಖಾರ, ಎಚ್ಚರ. ಯಾರಿಗಪ್ಪಾ ಎಚ್ಚರಿಕೆ? ಬೆಳ್ಳಂಬೆಳಿಗ್ಗೆ ಮಂಡಾಳು ಒಗ್ಗರಣೆಯ ಜೊತೆ ಮಿರ್ಚಿ ತಿಂದು, ಬಾಯಿ ಸಪ್ಪೆಯಾಯಿತೆಂದು ಉಪ್ಪು ಸವರಿದ ಹಸಿಮೆಣಸಿನಕಾಯಿ ಕಡಿಯುವ ಊರಿಗೆ? ಅದನ್ನೇ ತರಿಸಿದೆ. ಸಿಹಿಯಾಗಿತ್ತು.

ಪಕ್ಕದ ಮೇಜಿನಲ್ಲಿ ಧೋತರ ಉಟ್ಟ ಹಿರಿಯರೊಬ್ಬರು, ಮೊಮ್ಮಗನ ಹಟಕ್ಕೆ ಮಾನ್ವಿ ಕಡೆಯಿಂದ ಬಂದವರು. ಕಾಗದ ಬಿಚ್ಚಿ, ಮೇಲಿನ ಬನ್ನನ್ನು ಎತ್ತಿ ಬದಿಗಿಟ್ಟರು. ಒಳಗಿದ್ದ ಸೊಪ್ಪನ್ನು ಎರಡು ಬೆರಳಿನಲ್ಲಿ ಹಿಡಿದು, ತಿರುಗಿಸಿ ನೋಡಿ, ಕೆಳಗಿಟ್ಟರು. ಟಿಕ್ಕಿಯನ್ನು ಮುರಿದು ಬನ್ನಿನ ಚೂರಿಗೆ ಒತ್ತಿ, ರೊಟ್ಟಿ ಪಲ್ಯ ತಿನ್ನುವ ಹಾಗೆ ಬಾಯಿಗಿಟ್ಟು ಅಗಿದರು. ಆಮೇಲೆ ಸಮವಸ್ತ್ರದ ಹುಡುಗನನ್ನು ಕರೆದು, "ತಮ್ಮಾ, ಒಂದು ಹಸಿಮೆಣಸಿನಕಾಯಿ ಕೊಡು" ಎಂದರು. ಹುಡುಗ ಕಲಿಸಿಕೊಟ್ಟ ಹಾಗೆ "ಸಾರಿ ಸರ್" ಎಂದ. ಮತ್ತೆ ಆಚೀಚೆ ನೋಡಿ, ದನಿ ತಗ್ಗಿಸಿ, "ಇಲ್ಲಿ ಅದು ಇರುವುದಿಲ್ಲ ಅಜ್ಜಾ, ಸಾಸ್ ಕೊಡುತ್ತೇನೆ" ಎಂದ. ಡಿಪ್ಲೊಮಾ ಮುಗಿಸಿದ ಹುಡುಗ. ಈ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡಿಸುವ 371(ಜೆ) ಪ್ರಮಾಣಪತ್ರ ಮನೆಯ ಕಪಾಟಿನಲ್ಲಿದೆ, ಕೈಯಲ್ಲಿ ಟ್ರೇ ಇದೆ.

ಮೆಣಸಿನಕಾಯಿ ಬೆಳೆಯುವ ಜಿಲ್ಲೆಯಲ್ಲಿ ಮೆಣಸಿನಕಾಯಿಗೆ ಪ್ರವೇಶವಿಲ್ಲ. ಈ ಕಂಪನಿಯ ದೊಡ್ಡಣ್ಣನಂತಿರುವ ಮೆಕ್‌ಡೊನಾಲ್ಡ್ಸ್ 1996ರಲ್ಲಿ ದೆಹಲಿಗೆ ಬಂದಾಗ ದನದ ಮಾಂಸವನ್ನೇ ಅಮೆರಿಕದಲ್ಲಿ ಬಿಟ್ಟು ಬಂದಿತ್ತು. ಆಮೇಲೆ ಆಲೂಗಡ್ಡೆಯ ಕೈ ಹಿಡಿದು ಬಾಳಿತು. ಅಷ್ಟು ಬಗ್ಗಬಲ್ಲ ಜನಾಂಗಕ್ಕೆ ಒಂದು ಹಸಿಮೆಣಸಿನಕಾಯಿ ಹುರಿದು ಕೊಡುವುದು ಕಷ್ಟವೇ? ಇರಲಿ, ದುಡ್ಡಿರುವಲ್ಲಿ ಅವರು ಬಗ್ಗುತ್ತಾರೆ. ನಮ್ಮ ಮುಂದೆ ಬಗ್ಗುವ ಪ್ರಮೇಯ ಯಾರಿಗೂ ಬಂದಿಲ್ಲ.

ಐಐಟಿ ಕೇಳಿದೆವು. 2016ರಲ್ಲಿ ಅದು ಧಾರವಾಡಕ್ಕೆ ಹೋಯಿತು. ಕಣ್ಣೊರೆಸಲು ನಮಗೆ ಒಂದು 'ಐ' ಹೆಚ್ಚು ಹಾಕಿ ಐಐಐಟಿ ಕೊಟ್ಟರು, ಅದೂ ಮೊದಲ ಪಾಠಗಳನ್ನು ಹೈದರಾಬಾದಿನಲ್ಲಿ ಹೇಳಿಸಿಕೊಂಡಿತ್ತು. ಏಮ್ಸ್ ಕೇಳಿ 2022ರ ಮೇ 13ರಂದು ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಅವರ ಬಳಿ ಬಂದ ನಾಯಕರೆಲ್ಲ ಭರವಸೆ ಕೊಟ್ಟರು, ಫೋಟೊ ತೆಗೆಸಿಕೊಂಡರು. ಮೊದಲು ನಮ್ಮವರು ಕಾಯಿಲೆಗೂ ಹೈದರಾಬಾದಿಗೆ ಹೋಗಬೇಕಿತ್ತು, ಬರ್ಗರಿಗೂ ಹೈದರಾಬಾದಿಗೆ ಹೋಗಬೇಕಿತ್ತು. ಈಗ ಓಡಾಟದಲ್ಲಿ ಅರ್ಧ ಉಳಿತಾಯ.

ನಮ್ಮ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ನೋಡಿಲ್ಲವೆಂದರೆ ಒಮ್ಮೆ ಹೋಗಿ ನೋಡಿ, ಟಿಕೆಟ್ಟಿಲ್ಲ, ಎಸಿಯೂ ಇಲ್ಲ. ಮೇಲೆ 1294ರ ಶಾಸನ, ಕಾಕತೀಯರ ಕಾಲದ್ದು. ಆ ಕಲ್ಲನ್ನು ಬಂಡಿಗೆ ಹೇರಿ ಎಳೆದು ತಂದ ಬಗೆಯನ್ನೂ ಗೆರೆಗಳಲ್ಲಿ ಕೊರೆದಿದ್ದಾರೆ. ಏಳು ನೂರು ವರ್ಷಗಳ ಹಿಂದೆ ಅಷ್ಟು ದೊಡ್ಡ ಬಂಡೆ ಊರು ಸೇರಿತು. ದೆಹಲಿಯಿಂದ ಒಂದು ಕಡತ ಮಾತ್ರ ಸೇರುತ್ತಿಲ್ಲ. ವ್ಯತ್ಯಾಸ ಇಷ್ಟೇ: ಬಂಡೆಗೆ ಕಟ್ಟಿದ್ದು ಜಾನುವಾರುಗಳನ್ನು, ಕಡತಕ್ಕೆ ಕಟ್ಟಿರುವುದು ಜನಪ್ರತಿನಿಧಿಗಳನ್ನು.

ಧರಣಿ ಶುರುವಾದ ಅದೇ ಮೇ ತಿಂಗಳ ಕೊನೆಗೆ ಈ ಊರಿನಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಕುಡಿಯುವ ನೀರು ಕುಡಿದು ಸಾಯುವ ನಾವು. ಇದರ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ. ಅಂದು ಸಂತಾಪ ಸೂಚಿಸಿದ್ದವರ ಸಾಲಿನವರೇ ಮೊನ್ನೆ ಬರ್ಗರ್ ಕಚ್ಚಿ ಕ್ಯಾಮೆರಾ ನೋಡಿದರು. ನಾಚಿಕೆಯಾಗಲಿಲ್ಲ. ನಮಗೂ ಆಗಲಿಲ್ಲ, ಲೈಕ್ ಒತ್ತಿದೆವು.

ಅಂದ ಹಾಗೆ, ಬರ್ಗರ್ ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಿದರೆ ಬಾಟಲಿಯ ಕಡೆ ಕೈ ತೋರಿಸುತ್ತಾರೆ. ಪರದೆಗೆ ಕೊಟ್ಟ ನಂಬರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಸಂದೇಶ ತಪ್ಪದೆ ಬರುತ್ತದೆ: ಒಂದು ಕೊಂಡರೆ ಇನ್ನೊಂದು ಉಚಿತ, ರಾತ್ರಿ 11ರವರೆಗೆ. ನಮ್ಮ ಓಣಿಗೆ ನೀರು ಬಿಡುವವರ ಬಳಿಯೂ ಅದೇ ನಂಬರ್ ಇದೆ. ಅವರು ಹೇಳದೆ ಕೇಳದೆ ನಸುಕಿನಲ್ಲಿ ಬಿಟ್ಟು ಹೋಗುತ್ತಾರೆ, ಎದ್ದಿದ್ದವರಿಗೆ ಕೊಡ ತುಂಬುತ್ತದೆ.